ದೊಡ್ಡವ್ವನ ಎದೆಯ ಮೇಲಿನ ನೆರಳು

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹರಪನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮತ್ತೊಮ್ಮೆ ಅಳೆದು ನೋಡದೆ ಯಾವ ಅಳತೆಯನ್ನೂ ಬರೆದುಕೊಳ್ಳಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಆ ಚಾಳಿ ಮನೆಯ ಮಾತಿಗೂ ಅಂಟಿಕೊಂಡಿದೆ. ನಿನ್ನೆ ಯಾರು ಏನಂದರು ಎಂಬುದಕ್ಕೂ ಸಾಕ್ಷಿ ಕೇಳುತ್ತೇನೆಂದು ಹೆಂಡತಿಯ ದೂರು. ಆದ್ದರಿಂದ ಕೊಟ್ಟೂರಿನ ದೊಡ್ಡವ್ವನ ಎದೆಯೊಳಗೆ ಹೊಸ ಕವಾಟ ಕೂರಿಸಿದ ಕತೆಯನ್ನು ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ನಾನು ಕಂಡದ್ದು, ಕೆಲವು ಕೇಳಿದ್ದು, ಇನ್ನು ಕೆಲವು ಕಂಡದ್ದೋ ಕೇಳಿದ್ದೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ದೊಡ್ಡವ್ವನೆಂದರೆ ನಮ್ಮವ್ವನ ಅಕ್ಕ. ಎಂಬತ್ತು ದಾಟಿದೆ ಎಂದು ಸೊಸೆ ಹೇಳುತ್ತಾಳೆ, ಎಲ್ಲಿ ದಾಟಿದೆ ಎಂದು ಆಕೆ ಕೇಳುತ್ತಾಳೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಅದರ ಪಡಸಾಲೆಯೇ ಒಂದು ಸಣ್ಣ ಕಾರ್ಖಾನೆ. ಓಣಿಯ ಹೆಂಗಸರು ಬೆಳಗಾಗುತ್ತಲೇ ಬಂದು ಜೋಳದ ರೊಟ್ಟಿ ಬಡಿಯುತ್ತಾರೆ. ಸುಟ್ಟು, ಒಣಗಿಸಿ, ಖಡಕ್ ಮಾಡಿದ ರೊಟ್ಟಿಗಳು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಖಾನಾವಳಿಗಳಿಗೆ ಬಸ್ಸಿನಲ್ಲಿ ಹೋಗುತ್ತವೆ. ದೊಡ್ಡವ್ವ ಯಜಮಾನಿ. ಆದರೆ ಕುರ್ಚಿ ಮೇಲೆ ಕೂತು ಹುಕುಂ ಮಾಡುವ ಯಜಮಾನಿಯಲ್ಲ. ಆಕೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯೇ ಎಲ್ಲರ ನಡುವೆ ಇರುತ್ತಿತ್ತು, ಆಕೆಯ ಕೈ ಸದ್ದಿಗೇ ಉಳಿದವರ ಕೈ ಹೊಂದಿಕೊಳ್ಳುತ್ತಿತ್ತು.

ಆ ಸದ್ದು ನಡುನಡುವೆ ನಿಲ್ಲತೊಡಗಿದ್ದು ಹೋದ ವರ್ಷ. ಅರ್ಧ ಬಡಿದ ರೊಟ್ಟಿಯ ಮೇಲೆ ಅಂಗೈಯಿಟ್ಟು ಸುಮ್ಮನೆ ಕೂರುತ್ತಿದ್ದಳು. ಕೇಳಿದರೆ, “ಈ ಸಲದ ಜೋಳಕ್ಕ ಜಿಗಿ ಇಲ್ಲ, ಅದಕ್ಕ ಹರೀತಾವ” ಎಂದು, ಅಂಟು ಸಾಲದ ಹಿಟ್ಟಿನ ಮೇಲೆ ತಪ್ಪು ಹಾಕುತ್ತಿದ್ದಳು. ಹೊಸ ಜೋಳ ಬಂತು. ಅದಕ್ಕೂ ಜಿಗಿ ಇಲ್ಲವೆಂದಳು. ಒಂದು ದಿನ ರೊಟ್ಟಿ ಬಡಿಯುತ್ತಲೇ ಪಕ್ಕಕ್ಕೆ ವಾಲಿದಾಗ ಮಾತ್ರ ಜೋಳದ ಮೇಲಿನ ಆರೋಪ ಬಿದ್ದುಹೋಯಿತು.

ಆಗ ಕಾರು ತಂದು ಬಾಗಿಲಿಗೆ ನಿಲ್ಲಿಸಿದವನು ನನ್ನ ಗೆಳೆಯ. ಕೊಟ್ಟೂರಿನಲ್ಲಿ ಅಪ್ಪನ ಕಾಲದಿಂದ ಬಂದ ಗ್ಯಾರೇಜು ನಡೆಸುತ್ತಾನೆ. ಸಾಬರ ಮನೆಯ ಹುಡುಗ. ಆದರೂ ನಾವಿಬ್ಬರೂ ಶಾಲೆಯ ದಿನಗಳಲ್ಲಿ ಆಕೆಯ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿಂದೇ ಬೆಳೆದದ್ದು. ಅವನಿಗೂ ಆಕೆ ದೊಡ್ಡವ್ವ. ದಾವಣಗೆರೆಗೆ ಒಯ್ದು ತೋರಿಸಿದೆವು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಿನ ಕವಾಟ ಸುಣ್ಣಗಟ್ಟಿ ಬಿಗಿದುಕೊಂಡಿದೆ, ತಡ ಮಾಡಬೇಡಿ ಎಂದು ಬೆಂಗಳೂರಿಗೆ ಚೀಟಿ ಬರೆದರು.

ಬೆಂಗಳೂರಿನ ಡಾಕ್ಟರು ಮಾತಿನಲ್ಲಿ ಜಿಪುಣರಲ್ಲ. ಈ ವಯಸ್ಸಿನಲ್ಲಿ ಎದೆ ಸೀಳುವುದು ಬೇಡ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮಡಚಿಟ್ಟ ಹೊಸ ಕವಾಟವನ್ನು ಹೃದಯದ ತನಕ ಒಯ್ದು, ಹಳೆಯದರೊಳಗೇ ಅರಳಿಸಿಬಿಡುತ್ತೇವೆ ಎಂದರು. ಗೆಳೆಯನಿಗೆ ಅದು ನಂಬಿಕೆಯಾಗಲಿಲ್ಲ.

“ಅಲ್ರೀ ಸರ್, ಎಂಜಿನ್ ಚಾಲೂ ಇರ್ತೈತಾ?”

“ಇರುತ್ತೆ. ನಿಲ್ಲಿಸೋಹಾಗಿಲ್ಲ.”

“ಹೆಡ್ ಬಿಚ್ಚಂಗಿಲ್ಲ?”

“ಇಲ್ಲ.”

“ಅಂದ್ರ ಓಡೋ ಗಾಡಿಗೆ ಸೈಲೆನ್ಸರ್ ಪೈಪಿನಾಗ ಕೈ ಹಾಕಿ ವಾಲ್ವ್ ಬದಲ್ ಮಾಡ್ತೀನಿ ಅಂದಂಗಾತು. ನಮ್ಮ ಗ್ಯಾರೇಜಿನಾಗ ಯಾರರ ಹಿಂಗಂದಿದ್ರ ಹೊರಗ ಹಾಕ್ತಿದ್ದೆ.”

ಡಾಕ್ಟರು ಜೋರಾಗಿ ನಕ್ಕು, “ಸೈಲೆನ್ಸರ್ ಕಡೆಯಿಂದಾನೇ ಬರೋದು, ಸರಿಯಾಗಿ ಹೇಳಿದ್ರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ ಕಾಗದದ ಮೇಲೆ ಚಿತ್ರ ಬರೆದರು. ಕೈ ಹಾಕುವ ಜಾಗ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇದರಲ್ಲಿ ಎಲ್ಲವೂ ಚಿತ್ರದ ಮೇಲೆ ನಿಂತಿದೆ. ಮೇಜಿನ ಕೆಳಗೆ ಎಕ್ಸ್‌ರೇ ಕಿರಣ ಹೊರಡಿಸುವ ಪೆಟ್ಟಿಗೆ, ಮೇಲೆ ಅದನ್ನು ಹಿಡಿಯುವ ಪರದೆ. ಎರಡನ್ನೂ ಕೂಡಿಸುವ ಬಾಗಿದ ತೋಳು ರೋಗಿಯ ಸುತ್ತ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ. ಕವಾಟದ ಬುಡದಲ್ಲಿ ಮೂರು ಪುಟ್ಟ ಬಟ್ಟಲುಗಳಿವೆ. ಸಾಧಾರಣ ಕೋನದಿಂದ ನೋಡಿದರೆ ಒಂದು ಮೇಲೆ ಒಂದು ಕೆಳಗೆ ಕಾಣುತ್ತವೆ, ಎಲ್ಲಿ ನಿಜವಾದ ತಳ ಎಂಬುದೇ ತಿಳಿಯುವುದಿಲ್ಲ. ತೋಳನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಮೂರರ ತಳವೂ ಒಂದೇ ಗೆರೆಗೆ ಬರುತ್ತದೆ.

“ಆ ಗೆರೆನೇ ನಮಗೆ ನೆಲ ಸರ್. ಅದರಿಂದ ಮೇಲೆ ಕೂತ್ರೆ ಕವಾಟ ಜಾರಬಹುದು. ಕೆಳಗೆ ಕೂತ್ರೆ ಪಕ್ಕದಲ್ಲಿ ರಕ್ತ ಸೋರುತ್ತೆ, ಹೃದಯದ ಬಡಿತವೂ ತಪ್ಪಬಹುದು. ಜಾಗ ಬೆರಳಿನ ಉಗುರಿನಷ್ಟೂ ಇಲ್ಲ. ಅಲ್ಲಿ ನನಗೆ ಚಿತ್ರ ಚೊಕ್ಕಟವಾಗಿ ಕಾಣಬೇಕು, ಅಷ್ಟೇ.”

ದೊಡ್ಡವ್ವ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: “ಅದನ್ನ ಯಾತರಾಗ ಮಾಡಿರ್ತಾರ?” ಚೌಕಟ್ಟು ಲೋಹದ್ದು, ಎಲೆಗಳು ದನದ ಹೃದಯದ ಪೊರೆಯಿಂದ ಮಾಡಿದವು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಈರುಳ್ಳಿಯನ್ನೂ ಸೋಮವಾರ ಮುಟ್ಟದವಳು ಆಕೆ. ಡಾಕ್ಟರ ಮುಖ ನೋಡಿ, “ಆಕಳೋ, ಎತ್ತೋ?” ಎಂದಳು. ಅದು ತಮಗೆ ಗೊತ್ತಿಲ್ಲವೆಂದರು. “ಎತ್ತು ಇರ್ಲಿ ಬಿಡ್ರಿ. ದುಡಿಯೋ ಜಾತಿ.” ಅಷ್ಟಕ್ಕೇ ಅದು ಮುಗಿದುಹೋಯಿತು. ದೊಡ್ಡ ಗಂಡಾಂತರ ದಾಟಿತೆಂದು ನಾನೂ ಗೆಳೆಯನೂ ಕಣ್ಣಲ್ಲೇ ಮಾತಾಡಿಕೊಂಡೆವು. ಎಡವಬೇಕಾದ ಕಲ್ಲು ಬೇರೆಯೇ ಇತ್ತು, ಅದು ಆಕೆಯ ಎದೆಯ ಮೇಲೇ ಇತ್ತು.

ಹೊಸ ಕವಾಟಕ್ಕೆ ಮುಂಚೆ ಹೃದಯದ ರಕ್ತನಾಳಗಳಲ್ಲಿ ಅಡ್ಡಿ ಇದೆಯೇ ಎಂದು ಅದೇ ಕಿರಣದ ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆಯೊಂದಿದೆ. ಮೈಮೇಲೆ ಲೋಹ ಯಾವುದೂ ಇರಬಾರದು ಎಂದು ನರ್ಸ್ ಹೇಳಿಹೋದಳು. ದೊಡ್ಡವ್ವ ಕಿವಿಯ ಓಲೆ ಬಿಚ್ಚಿಕೊಟ್ಟಳು. ಆಮೇಲೆ ಕೊರಳಿನ ಬೆಳ್ಳಿಯ ಕರಡಿಗೆ ಕೈಗೆತ್ತಿಕೊಂಡಳು. ಆಕೆಯ ಇಷ್ಟಲಿಂಗ ಇರುವುದು ಆ ಪುಟ್ಟ ಡಬ್ಬಿಯೊಳಗೆ. ಅದನ್ನು ತೆರೆದು ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ನೂಲಿನ ದಾರದಲ್ಲಿ ಮತ್ತೆ ಎದೆಗೆ ಇಳಿಬಿಟ್ಟುಕೊಂಡು, ಮೇಲೆ ಆಸ್ಪತ್ರೆಯ ಅಂಗಿ ಎಳೆದುಕೊಂಡಳು. ಬರಿದಾದ ಕರಡಿಗೆ ನನ್ನ ಜೇಬಿಗೆ ಬಂತು. ಲೋಹ ಹೊರಗೆ ಹೋಯಿತು, ಲಿಂಗ ಮೈಮೇಲೆ ಉಳಿಯಿತು. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ನಮಗೆ ಮೂವರಿಗೂ ಸಮಾಧಾನವಾಗಿತ್ತು. ಕಿರಣಕ್ಕೆ ಕಲ್ಲೂ ಅಡ್ಡ ಬರುತ್ತದೆಂಬುದು ಅಲ್ಲಿದ್ದವರಲ್ಲಿ ಒಬ್ಬನಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು.

“ಸರ್, ನಿಮ್ಮ ದೊಡ್ಡಮ್ಮನ ಹೃದಯದ ಮೇಲೆ ಒಂದು ಮೊಟ್ಟೆ ಇದೆ.”

“ಮೊಟ್ಟಿ? ಛೇ, ಅವರು ತಿನ್ನಂಗಿಲ್ರೀ” ಎಂದ ಗೆಳೆಯ.

ಪರದೆಯ ಮೇಲೆ ಕರಿಯ ಮೊಟ್ಟೆಯಾಕಾರ ಕಂಡು, ಅದು ಉಸಿರಿನ ಜೊತೆ ಮೇಲೆ ಕೆಳಗೆ ಆಡುವುದನ್ನು ನೋಡಿ, ಮೊದಲು ಇದೇನು ಹೊಸ ರೋಗವೆಂದು ಗಾಬರಿಯಾಗಿ, ಆಮೇಲೆ ಅಂಗಿ ಸರಿಸಿ ನೋಡಿದ್ದರಂತೆ. ಈಗಿನ ಪರೀಕ್ಷೆ ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿ ಹೇಗೋ ಮುಗಿಯಿತು, ರಕ್ತನಾಳಗಳಲ್ಲಿ ಅಡ್ಡಿಯಿಲ್ಲ, ಆದರೆ ಕವಾಟ ಕೂರಿಸುವ ದಿನ ಎದೆಯ ಮೇಲೆ ಇದು ಇರಕೂಡದು ಎಂದರು. ತೋಳನ್ನು ಯಾವ ಕೋನಕ್ಕೆ ತಿರುಗಿಸಿದಾಗ ಈ ನೆರಳು ಮೂರು ಬಟ್ಟಲುಗಳ ಮೇಲೆ ಬಂದು ಕೂರುತ್ತದೋ ಹೇಳಲಾಗದು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ದೊಡ್ಡವ್ವನ ಮಾತೂ ಒಂದೇ ಆಗಿತ್ತು.

“ತೊಟ್ಟಿಲದಾಗ ಅಯ್ಯನೋರು ಕಟ್ಟಿದ್ದು. ಜಳಕಕ್ಕ ಬಿಚ್ಚಿಲ್ಲ, ಹೆರಿಗಿಗೆ ಬಿಚ್ಚಿಲ್ಲ. ಇದು ಮೈ ಬಿಟ್ಟ ಗಳಿಗ್ಯಾಗ ನಾನು ಹೆಣ. ಹೆಣಕ್ಕ ವಾಲ್ವ್ ಹಾಕಿ ಏನ್ ಮಾಡ್ತೀರಿ?”

“ದೊಡ್ಡವ್ವ, ಒಂದು ತಾಸು ಅಷ್ಟ. ಆಮ್ಯಾಲ ಮತ್ತ ಕಟ್ಟಿಕೊಳ್ಳಾಕ ಬರ್ತತಲ್ಲ” ಎಂದೆ ನಾನು.

“ನಿಂದು ಎಲ್ಲೈತಿ?”

“ಬೀರುದಾಗ.”

“ಹಂಗಾರ ನಿಮ್ಮ ಮನ್ಯಾಗ ಬೀರು ಲಿಂಗವಂತ, ನೀನಲ್ಲ. ಅದನ್ನ ಕರಕೊಂಡು ಬಾ, ಅದರ ಮಾತು ಕೇಳ್ತೀನಿ.”

ಗೆಳೆಯ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದ. ನನ್ನ ವಿಶ್ವವಿದ್ಯಾಲಯದ ವಿದ್ಯೆಯೆಲ್ಲ ಆ ಬೀರುವಿನ ಎದುರು ನಿಲ್ಲಲಿಲ್ಲ. ಎತ್ತಿನ ಹೃದಯದ ಪೊರೆಯನ್ನು ಒಂದು ಮಾತಿನಲ್ಲಿ ಒಪ್ಪಿಕೊಂಡವಳು, ಒಂದು ತಾಸಿನ ಮಟ್ಟಿಗೆ ಒಂದು ಗಂಟು ಬಿಚ್ಚಲು ಒಪ್ಪಲಿಲ್ಲ. ನಂಬಿಕೆ ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂಬುದಕ್ಕೆ ನನ್ನ ಬಳಿ ಸೂತ್ರವಿಲ್ಲ.

ಕವಾಟದ ಅಳತೆ ತೆಗೆದುಕೊಂಡು, ಮುಂದಿನ ತಾರೀಖು ಕೊಟ್ಟು ಊರಿಗೆ ಕಳಿಸಿದರು. ಆ ತಾರೀಖಿನೊಳಗೆ ಆಕೆಯ ಮನಸ್ಸು ಬದಲಾಗಬೇಕಿತ್ತು, ಇಲ್ಲವೇ ಬೇರೆ ದಾರಿ ಸಿಗಬೇಕಿತ್ತು. ಎರಡೂ ಆಗದಿದ್ದರೆ ಆ ಹಳೆಯ ಕವಾಟ ಇನ್ನೆಷ್ಟು ಕಾಲ ತಡೆದೀತು ಎಂಬುದನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ದಾರಿಯಲ್ಲಿ ಆಕೆ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಹುಡುಕುತ್ತ, ರೊಟ್ಟಿಯ ಹೆಂಗಸರು ಈ ವಾರ ಎಳ್ಳು ಹೆಚ್ಚು ಹಾಕಿ ಹಾಳು ಮಾಡಿರುತ್ತಾರೆ ಎಂದು ಬೈಯುತ್ತಿದ್ದಳು.

ಒಂದು ಕಡೆ ಕೂರುವುದು ನನ್ನಿಂದ ಆಗದ ಕೆಲಸ. ಮರುದಿನವೇ ಗೆಳೆಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಸಹಳ್ಳಿ ಕಡೆಯ ಒಂದು ಹಳ್ಳಿಗೆ ಹೊರಟೆ. ದೊಡ್ಡವ್ವನ ಮನೆತನಕ್ಕೆ ದೀಕ್ಷೆ ಕೊಡುವ ಅಯ್ಯನವರು ಇರುವುದು ಅಲ್ಲಿ. ಆಕೆಗೆ ಕಟ್ಟಿದವರ ಮೊಮ್ಮಗ. ಅವರಿಗೂ ಈಗ ತಲೆ ನೆರೆತಿದೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಸಾಬರ ಹುಡುಗನನ್ನೂ ಬೀರುವಿನ ಲಿಂಗವಂತನನ್ನೂ ಒಟ್ಟಿಗೆ ಕಂಡು ಅವರಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ನಾವು ಬರುವ ಕಾರಣವನ್ನು ಸೊಸೆ ಫೋನಿನಲ್ಲಿ ಮೊದಲೇ ತಿಳಿಸಿದ್ದಳು.

“ಬರ್ರಿ, ಕುಂದರ್ರಿ. ನಾನೂ ಹೋದ ವರ್ಷ ಮಂಡಿ ಬದಲ್ ಮಾಡಿಸ್ಕೊಂಡೀನಿ. ಮಂಡಿ ಹೊಕ್ಕಳದ ಕೆಳಗ ಐತಿ ನೋಡ್ರಿ, ಅದಕ್ಕ ನನಗ ಈ ತ್ರಾಸು ಬರ್ಲಿಲ್ಲ.”

ಗೆಳೆಯ ವಿಷಯ ಬಿಡಿಸಿ ಹೇಳಿದ. ಡಾಕ್ಟರ ಚಿತ್ರ, ಮೂರು ಬಟ್ಟಲು, ಕರಿಯ ಮೊಟ್ಟೆ, ಎಲ್ಲವನ್ನೂ ನನಗಿಂತ ಚೆನ್ನಾಗಿ ಬಣ್ಣಿಸಿದ. ಅರ್ಧ ತಪ್ಪಿತ್ತು, ಆದರೆ ಕೇಳಲು ಚೆನ್ನಾಗಿತ್ತು. ಅಯ್ಯನವರು ಕಣ್ಣು ಮುಚ್ಚಿ ಕೇಳಿ, “ಎದಿ ಮ್ಯಾಲೇ ಇರ್ಬೇಕು ಅಂತ ಆ ಅವ್ವಗ ಯಾರು ಹೇಳಿದ್ರು?” ಎಂದರು.

ನಾವು ಮುಂದಕ್ಕೆ ಸರಿದು ಕೂತೆವು.

“ಕೊರಳಾಗ ಕಟ್ತಾರ, ತೋಳಿಗೆ ಕಟ್ತಾರ, ಅಂಗೈಯಾಗ ಹಿಡೀತಾರ, ನೆತ್ತಿ ಮ್ಯಾಲೂ ಕಟ್ತಿದ್ರು ಹಿಂದಿನವ್ರು. ಹೊಕ್ಕಳಕ್ಕಿಂತ ಕೆಳಗ ಇಳೀಬಾರದು. ಮೈ ಬಿಟ್ಟು ಹೋಗಬಾರದು. ಜಾರಿ ಬೀಳಬಾರದು. ಇಷ್ಟು ನೋಡ್ಕೊಳ್ರಿ, ಉಳಿದಿದ್ದು ಡಾಕ್ಟ್ರಿಗೆ ಬಿಡ್ರಿ.”

ಹೊರಡುವಾಗ ನನ್ನ ಬೆನ್ನು ತಟ್ಟಿ, “ನೀವು ಕಟ್ಟಿಕೊಂಡಿಲ್ಲ, ಖರೇನಾ? ಇರ್ಲಿ, ಓಡಾಡಾಕರ ಬಂದೀರಲ್ಲ” ಎಂದರು. ಹೀಗಂದರೋ ಇಲ್ಲವೋ, ಗೆಳೆಯನಿಗೆ ನೆನಪಿಲ್ಲವಂತೆ. ನನಗಿದೆ.

ಈಗ ಉಳಿದದ್ದು ನನ್ನ ಸೀಮೆಗೆ ಸೇರಿದ ಪ್ರಶ್ನೆ: ಹೊಕ್ಕಳಿಗಿಂತ ಮೇಲೆ, ಆದರೆ ಕ್ಯಾಮೆರಾ ಯಾವ ಕಡೆ ತಿರುಗಿದರೂ ಕವಾಟದ ಮೇಲೆ ನೆರಳು ಬೀಳದ ಜಾಗ ಎಲ್ಲಿ? ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರೆ ದೊಡ್ಡವ್ವ ನಂಬುವವಳಲ್ಲ. “ನನ್ನ ಕಣ್ಣಿಗೆ ಕಾಣಂಗ ತೋರ್ಸು” ಎಂದಳು. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಆ ಪ್ರಯೋಗ ನಡೆಯಿತು.

ನುಲಿಹಗ್ಗ ಹೆಣೆದ ಮಂಚ, ಹೊರಸನ್ನು ಎಳೆದು ನಡುವೆ ಹಾಕಿದೆವು. ನುಲಿಯ ಸಂದಿಯಿಂದ ಬೆಳಕು ಮೇಲೆ ಬರುತ್ತದಲ್ಲ. ಅದರ ಮೇಲೆ ಎದೆಯ ಜಾಗದಲ್ಲಿ ಒಂದು ಸಣ್ಣ ಖಡಕ್ ರೊಟ್ಟಿ ಇಟ್ಟೆ, ಅದು ಕವಾಟ. ಗೆಳೆಯ ಗ್ಯಾರೇಜಿನಿಂದ ಕಾರಿನ ಕೆಳಗೆ ಜಾರುವ ಗಾಲಿ ಹಲಗೆ ತಂದಿದ್ದ. ಅದರ ಮೇಲೆ ಅಂಗಾತ ಮಲಗಿ, ಕೈದೀಪ ಹಿಡಿದು ಹೊರಸಿನ ಕೆಳಗೆ ಹೊಕ್ಕ. ಅವನು ಕಿರಣದ ಪೆಟ್ಟಿಗೆ. ದೊಡ್ಡವ್ವನ ಸೊಸೆ ಒಂದು ಕಡೆ, ನಾನು ಒಂದು ಕಡೆ ಬಿಳಿ ಧೋತರ ಅಗಲಿಸಿ ಮೇಲೆ ಹಿಡಿದೆವು, ಅದು ಪರದೆ. ಲಿಂಗವನ್ನು ಇಂಥ ಆಟಕ್ಕೆ ಕೊಡಲು ಆಕೆ ಒಪ್ಪಲಿಲ್ಲವಾದ್ದರಿಂದ ನಿಂಬೆಹಣ್ಣು ಬಂತು. ಕವಾಟ ಎದೆಯ ಆಳದಲ್ಲಿದೆ, ಲಿಂಗ ಮೇಲಿದೆ. ಅದಕ್ಕೆ ನಿಂಬೆಹಣ್ಣನ್ನು ದಾರಕ್ಕೆ ಕಟ್ಟಿ, ಒಂದು ಕೋಲಿನ ತುದಿಯಿಂದ ರೊಟ್ಟಿಗಿಂತ ಗೇಣು ಮೇಲೆ ತೂಗುಬಿಟ್ಟೆವು. ಕೋಲು ಹಿಡಿದವಳು ಸ್ಟೂಲಿನ ಮೇಲೆ ಕೂತ ದೊಡ್ಡವ್ವನೇ. ರೊಟ್ಟಿಯ ಹೆಂಗಸರು ಒಬ್ಬರೂ ಮನೆಗೆ ಹೋಗಲಿಲ್ಲ.

ಎದೆಯ ಮೇಲೆ ಹಿಡಿದಾಗ ಧೋತರದಲ್ಲಿ ನಿಂಬೆಯ ನೆರಳು ರೊಟ್ಟಿಯ ನಟ್ಟನಡುವೆ ಬಿತ್ತು. “ಅಯ್ಯ ಶಿವನ, ಮೊಟ್ಟಿ!” ಎಂದರು ಹೆಂಗಸರು. ಕೊರಳಿಗೆ ಸರಿಸಿದಾಗ ದೂರ ಹೋಯಿತು. ಗೆಳೆಯ ಹಲಗೆಯನ್ನು ಕಾಲಿನ ಕಡೆಗೆ ಜಾರಿಸಿ ದೀಪವನ್ನು ಓರೆ ಮಾಡಿದ ಕೂಡಲೇ ಮತ್ತೆ ಬಂದು ರೊಟ್ಟಿಯನ್ನು ಮುಟ್ಟಿತು. ತೋಳಿಗೆ ಹಿಡಿದರೆ ಎದುರು ಬದಿಯ ದೀಪಕ್ಕೆ ಸಿಕ್ಕಿಬಿದ್ದಿತು.

“ಲೇ, ಅದು ನನ್ನ ತೋಳಲ್ಲೋ, ಸೊಂಟ ಆತು. ನಾ ಏನ್ ಅಷ್ಟು ಗಿಡ್ಡಕ್ಕ ಅದೀನಾ?”

“ದೊಡ್ಡವ್ವ, ನೀನ ಕೋಲು ಹಿಡಿದಿ. ನೀನ ಸರಿ ಹಿಡಿ” ಎಂದಿತು ಹೊರಸಿನ ಕೆಳಗಿನ ದನಿ. “ನನ್ನ ಕಣ್ಣಾಗ ಬರೇ ಎಳ್ಳು ಬೀಳಾಕತ್ತಾವ.”

“ಅಂಗೈಯಾಗ ಹಿಡಕೊಂಡ್ರ?” ಎಂದಳು ಸೊಸೆ.

“ನಿದ್ದಿ ಸೂಜಿ ಹಾಕ್ತಾರವ್ವ. ಕೈ ಸಡ್ಲಾಗಿ ಕೆಳಗ ಬಿದ್ರ ಯಾರು ಹೊಣಿ?” ಎಂದು ದೊಡ್ಡವ್ವ ಅದನ್ನು ಅಲ್ಲಿಗೇ ಮುಗಿಸಿದಳು.

ಆಮೇಲೆ ನೆತ್ತಿ. ಕೋಲು ಹೊರಸಿನ ತಲೆದೆಸೆಗೆ ಹೋಯಿತು. ಗೆಳೆಯ ಹಲಗೆಯ ಮೇಲೆ ಎಡಕ್ಕೆ ಬಂದ, ಬಲಕ್ಕೆ ಹೋದ, ಕಾಲಿನ ಕಡೆ ಹೊರಸಿನಿಂದಾಚೆಗೆ ಪಡಸಾಲೆಯ ಬಾಗಿಲ ತನಕ ಜಾರಿದ. ನಿಂಬೆಯ ನೆರಳು ರೊಟ್ಟಿಯ ಹತ್ತಿರ ಸುಳಿಯಲಿಲ್ಲ. ಅಷ್ಟು ದೂರ ತಿರುಗುವ ತೋಳು ಆ ಕ್ಯಾಮೆರಾಕ್ಕಿಲ್ಲ ಎಂದು ನಾನು ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ದೊಡ್ಡವ್ವ ಕೋಲು ಕೆಳಗಿಟ್ಟು, ಸ್ವಲ್ಪ ಉಸಿರು ತೆಗೆದುಕೊಂಡು, “ಹಂಗಾರ ಅಲ್ಲೇ ಕುಂದ್ರಲಿ. ಎದಿಕಿಂತ ಮ್ಯಾಲಿನ ಜಾಗನ ಕೊಟ್ಟಂಗಾತು” ಎಂದಳು.

ನೆತ್ತಿಯನ್ನು ಮೊದಲು ಸೂಚಿಸಿದವರು ಯಾರು ಎಂಬುದರ ಮೇಲೆ ಇವತ್ತಿಗೂ ಜಗಳವಿದೆ. ಲೆಕ್ಕ ಹಾಕಿ ಮೊದಲೇ ಕಂಡುಕೊಂಡಿದ್ದೆ ಎಂದು ನಾನು. ಹೊರಸಿನ ಕೆಳಗಿಂದ ಕೂಗಿ ಹೇಳಿದ್ದು ತಾನೇ ಎಂದು ಗೆಳೆಯ. ಇಬ್ಬರೂ ಪೆಚ್ಚಾಗಿದ್ದಾಗ ಕೋಲು ಸರಿಸಿದ್ದು ತನ್ನ ಕೈ ಎಂದು ದೊಡ್ಡವ್ವ. ಮೂವರಲ್ಲಿ ಕೋಲು ಹಿಡಿದವಳು ಆಕೆ ಎಂಬುದಷ್ಟೇ ಖಚಿತ.

ಹೊರಸಿನ ಕೆಳಗಿಂದ ಹೊರಬಂದ ಗೆಳೆಯನ ಬಾಯಿ ಆಡುತ್ತಿತ್ತು.

“ಏನ್ ತಿನ್ನಾಕತ್ತೀಯೋ?”

“ರೊಟ್ಟಿ.”

“ಲೇ ಹೊಟ್ಟಿಬಾಕ, ಅದು ನನ್ನ ವಾಲ್ವ್ ಅಂತ ಈಗರ ಅಂದ್ರಲ್ಲೋ!”

“ಹಳೇದು ದೊಡ್ಡವ್ವ. ಹೊಸದು ಹಾಕ್ತಾರ ಬಿಡು.”

ಆಕೆ ನಕ್ಕಳು. ನಗುವಿನ ನಡುವೆ ಉಸಿರು ಸಿಕ್ಕದೆ ಸೊಸೆಯ ಭುಜ ಹಿಡಿದುಕೊಂಡಳು. ಧೋತರ ಮಡಚುತ್ತಿದ್ದ ನನ್ನ ಕೈ ನಿಂತಿತು. ಆಮೇಲೆ ಆಕೆಯೇ ಕೈಯಾಡಿಸಿ, “ಏನಾಗಿಲ್ಲ, ದೀಪ ಆರ್ಸ್ರಿ” ಎಂದಳು.

ಬೆಂಗಳೂರಿನ ಡಾಕ್ಟರಿಗೆ ನಾನು ಫೋನಿನಲ್ಲಿ ರೊಟ್ಟಿ ನಿಂಬೆಹಣ್ಣಿನ ವಿಷಯ ಹೇಳಿದೆ. ಅವರು ಮತ್ತೊಮ್ಮೆ ಹೇಳಿಸಿಕೊಂಡರು, ಬಹುಶಃ ಪಕ್ಕದವರಿಗೆ ಕೇಳಿಸಲು. ಲೋಹವಿಲ್ಲದ ಬಟ್ಟೆಯಲ್ಲಿ, ತಲೆಯ ಟೊಪ್ಪಿಗೆಯೊಳಗೆ ಇದ್ದರೆ ತಮ್ಮ ಚಿತ್ರಕ್ಕೆ ತೊಂದರೆಯಿಲ್ಲ ಎಂದು ಒಪ್ಪಿದರು. ಸೇರಿಸಿದ ದಿನ ತಾವೇ ಬಂದು ಆಕೆಯ ಹಾಸಿಗೆಯ ಪಕ್ಕ ನಿಂತು, “ಒಂದು ಮಾತಮ್ಮ. ಜೀವಕ್ಕೆ ತೊಂದರೆ ಬಂದ್ರೆ ನಿಮ್ಮನ್ನ ಕೇಳದೆ ತೆಗೀತೀವಿ” ಎಂದರು.

“ಆಗ ತಗೀರಿ. ಕೇಳಾಕ ನಾನರ ಎಲ್ಲಿರ್ತೀನಿ.”

ಬೆಳಿಗ್ಗೆ ಸೊಸೆ ನೆತ್ತಿಯ ಮೇಲೆ ಲಿಂಗವಿಟ್ಟು, ಬಿಳಿ ಬಟ್ಟೆಯನ್ನು ಗದ್ದದ ಕೆಳಗೆ ಹಾಯಿಸಿ ಬಿಗಿದು, ಮೇಲೆ ಹಸಿರು ಟೊಪ್ಪಿಗೆ ಹಾಕಿದಳು. ಒಳಗೆ ಒಯ್ಯಲು ಬಂದ ನರ್ಸ್ ಟೊಪ್ಪಿಗೆಯ ಮೇಲಿನ ಉಬ್ಬನ್ನು ಮುಟ್ಟಿ ಇದೇನಜ್ಜಿ ಎಂದಳು.

“ನಮ್ಮ ಒಡೆಯ ಅದಾನವ್ವ. ಎಕ್ಸ್‌ರೇಕ್ಕ ಹೆದರ್ತಾನ, ಅದಕ್ಕ ಟೊಪ್ಪಿಗಿ ಹಾಕೀವಿ.”

ಇನ್ನು ಮುಂದಿನದು ನಾನು ಮೊದಲೇ ಎಚ್ಚರಿಸಿದ ಭಾಗ.

ನನ್ನ ನೆನಪು ಹೀಗಿದೆ. ಗಾಜಿನ ಈಚೆ ನಿಂತಿದ್ದೇನೆ. ಆಚೆ ಪರದೆಯ ಮೇಲೆ ಬೂದುಬಣ್ಣದ ಮಂಜು, ಅದರಲ್ಲಿ ಪಕ್ಕೆಲುಬುಗಳ ಸಾಲು. ಬಾಗಿದ ತೋಳು ನಿಧಾನವಾಗಿ ತಿರುಗಿ ನಿಲ್ಲುತ್ತದೆ. ಬಣ್ಣದ ದ್ರವ ಹಾಯಿಸಿದ ಕೂಡಲೇ ಮೂರು ಕಪ್ಪು ಬಟ್ಟಲುಗಳು ಮೂಡುತ್ತವೆ, ಮೂರರ ತಳವೂ ಒಂದೇ ಗೆರೆಯಲ್ಲಿ, ಹೊಸಿಲಿನ ಮೇಲೆ ಸಾಲಾಗಿ ಇಟ್ಟ ಹಣತೆಗಳ ಹಾಗೆ. ಬಳಿಕ ಮಾಯವಾಗುತ್ತವೆ. ಕೆಳಗಿನಿಂದ ಒಂದು ಕಡ್ಡಿಯಂಥದು ಏರಿ ಬಂದು, ತಿರುವಿನಲ್ಲಿ ಬಾಗಿ, ಆ ಗೆರೆಯನ್ನು ದಾಟುತ್ತದೆ. ಅದರ ತುದಿ ಅರಳತೊಡಗುತ್ತದೆ. “ಕೆಳಗಾಯ್ತು” ಎನ್ನುವ ಡಾಕ್ಟರ ದನಿ. ಅರೆ ಅರಳಿದ್ದು ಮತ್ತೆ ಮುದುಡಿ ಕೊಳವೆಯೊಳಕ್ಕೆ ಹೋಗುತ್ತದೆ. ಮತ್ತೆ ಬಟ್ಟಲು, ಮತ್ತೆ ಗೆರೆ. “ಸ್ವಲ್ಪ ಮೇಲೆ. ಅಲ್ಲೇ. ಅಲ್ಲೇ ಇರಲಿ.” ಈ ಸಲ ಬಲೆಯಂಥ ಚೌಕಟ್ಟು ಪೂರ್ತಿ ಅರಳಿ ಕಡ್ಡಿಯಿಂದ ಕಳಚಿಕೊಳ್ಳುತ್ತದೆ. ಇಡೀ ಚಿತ್ರದಲ್ಲಿ ಎಲ್ಲಿಯೂ ಕರಿಯ ಮೊಟ್ಟೆಯಿಲ್ಲ.

ಗೆಳೆಯನ ಪ್ರಕಾರ ಇದರಲ್ಲಿ ಒಂದಕ್ಷರವೂ ನಾನು ಕಂಡದ್ದಲ್ಲ.

“ಲೇ ಮೇಷ್ಟ್ರ, ನಮ್ಮನ್ನ ಯಾವನು ಒಳಗ ಬಿಟ್ಟ? ಇಬ್ರೂ ಕ್ಯಾಂಟೀನಿನಾಗ ಇದ್ವಿ. ನೀ ಉಪ್ಪಿಟ್ಟಿನಾಗಿಂದ ಸಾಸಿವಿ ಒಂದೊಂದ ಆರಿಸಿ ತಾಟಿನ ದಂಡಿಗೆ ಇಡಾಕತ್ತಿದ್ದಿ. ಆಮ್ಯಾಲ ಡಾಕ್ಟ್ರು ಕರದು ಕಂಪ್ಯೂಟರಿನಾಗ ಫಿಲ್ಮು ತೋರಿಸಿದ್ರು.”

“ಫಿಲ್ಮಿಗೆ ದನಿ ಇರಂಗಿಲ್ಲ. ಡಾಕ್ಟ್ರು ಮಾತಾಡಿದ್ದು ನನಗ ಕೇಳೈತಿ.”

“ತೋರಿಸ್ತಾ ತೋರಿಸ್ತಾ ಅಂದ್ರು. ಇಲ್ಲಿ ಕೆಳಗಾತು, ಹಿಂದಕ್ಕ ತಗಂಡ್ವಿ, ಇಲ್ಲಿ ಕರೆಕ್ಟ್ ಕುಂತತಿ ಅಂತ. ಖರೇ ಹೇಳ್ತೀನಿ.”

ಅವನ ಮಾತು ಸರಿಯಿರಬಹುದು. ಸಾಸಿವೆ ಆರಿಸುವ ಚಟ ನನಗಿದೆ. ಆದರೆ ಗಾಜಿನ ತಣ್ಣನೆಯ ಸ್ಪರ್ಶ ಹಣೆಗೆ ತಾಗಿದ್ದು ಇವತ್ತೂ ನೆನಪಿದೆ. ಕ್ಯಾಂಟೀನಿಗೂ ಗಾಜಿನ ಕಿಟಕಿಯಿತ್ತು ಎಂಬುದು ಅವನ ವಾದ. ಸಾಕ್ಷಿ ಹೇಳಲು ದೊಡ್ಡವ್ವನನ್ನು ಕೇಳಿದರೆ, ಅರೆನಿದ್ದೆಯಲ್ಲಿ ಗಾಜಿನ ಹಿಂದೆ ನಮ್ಮಿಬ್ಬರ ಮುಖವನ್ನೂ ಕಂಡೆ ಎನ್ನುತ್ತಾಳೆ. ನಮ್ಮ ಪಕ್ಕದಲ್ಲಿ, ಸತ್ತು ಎಷ್ಟೋ ವರ್ಷವಾದ ತನ್ನ ಅತ್ತೆಯನ್ನೂ ಕಂಡಳಂತೆ. ಆದ್ದರಿಂದ ಆ ಸಾಕ್ಷಿಯನ್ನು ಕೈಬಿಟ್ಟಿದ್ದೇನೆ.

ಸಂಶಯವಿಲ್ಲದ್ದು ಆಮೇಲಿನ ಗಳಿಗೆ. ಅದನ್ನು ಮೂವರೂ ಒಂದೇ ರೀತಿ ಹೇಳುತ್ತೇವೆ. ನಮ್ಮನ್ನು ಒಳಗೆ ಬಿಟ್ಟಾಗ ಆಕೆಗೆ ಆಗಷ್ಟೇ ಎಚ್ಚರವಾಗುತ್ತಿತ್ತು. ಕಣ್ಣು ಪೂರ್ತಿ ತೆರೆಯುವ ಮೊದಲೇ ಸೂಜಿಯಿಲ್ಲದ ಕೈ ಮೇಲೆದ್ದು ಟೊಪ್ಪಿಗೆಯ ಕಡೆ ಹೋಯಿತು.

“ಜಾರಿತಾ?”

“ಇಲ್ಲ ದೊಡ್ಡವ್ವ” ಎಂದೆ.

“ನೀ ನೋಡ್ದ್ಯಾ?”

ಬೇರೆ ಯಾರಾದರೂ ಹೌದು ಎಂದುಬಿಡುತ್ತಿದ್ದರು. “ಡಾಕ್ಟ್ರು ಹೇಳಿದ್ರು” ಎಂದೆ ನಾನು. ಆಕೆ ನನ್ನನ್ನು ಬಿಟ್ಟು ತನ್ನ ಬೆರಳುಗಳನ್ನೇ ಕೇಳಿದಳು. ಅವು ಟೊಪ್ಪಿಗೆಯೊಳಗೆ ಹೊಕ್ಕು, ಉಬ್ಬನ್ನು ಸವರಿ, ಗದ್ದದ ಕೆಳಗಿನ ಗಂಟಿನ ತನಕ ಬಂದವು. ಸೊಸೆ ಹಾಕಿದ ಗಂಟು ಹಾಗೆಯೇ ಇತ್ತು. “ಬಿಗೀನ ಐತಿ” ಎಂದಳು. ಎರಡನೆಯ ಮಾತಾಗಿ, ಹಸಿವಾಗಿದೆ ಎಂದಳು. ಇಷ್ಟು ದಿನಗಳಲ್ಲಿ ಮೊದಲ ಸಲ ಆಕೆ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದನ್ನು ಗಮನಿಸಿದವನು ಗೆಳೆಯ. ಅವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕಣ್ಣಿನಲ್ಲಿ ಆವತ್ತಿನ ಎಳ್ಳು ಇನ್ನೂ ಉಳಿದಿದೆ ಎಂದ.

ಮೊನ್ನೆ ಹರಪನಹಳ್ಳಿಯಲ್ಲಿ, ವಾರಕ್ಕೊಮ್ಮೆ ಹೊರಗಿನಿಂದ ಹೃದಯದ ಡಾಕ್ಟರು ಬರುವ ನರ್ಸಿಂಗ್ ಹೋಮಿನಲ್ಲಿ ಆಕೆಯನ್ನು ತೋರಿಸಬೇಕಿತ್ತು. ಎದೆಗೆ ತಣ್ಣನೆಯ ಮುಲಾಮು ಹಚ್ಚಿ ಚಿತ್ರ ನೋಡುವ ಸರಳ ಪರೀಕ್ಷೆ. ಮೆಟ್ಟಿಲು ತಾನೇ ಹತ್ತಿದಳು. ಅರ್ಧಕ್ಕೆ ನಿಂತದ್ದು ನಾನು. ಒಳಗೆ ಹೋದವಳು, ಪರೀಕ್ಷೆಯ ಹುಡುಗಿ ಬಾಯಿ ತೆರೆಯುವ ಮುಂಚೆಯೇ ಕರಡಿಗೆಯಿಂದ ಲಿಂಗ ತೆಗೆದು ನೆತ್ತಿಯ ಮೇಲಿಟ್ಟುಕೊಂಡು, ಸೆರಗು ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದಳು. ಹುಟ್ಟಾ ಹಾಗೆಯೇ ಮಾಡುತ್ತ ಬಂದವಳಂತೆ.

“ಸ್ವಲ್ಪ ಪಕ್ಕಕ್ಕ ಸರಿಸಿದ್ರ ಸಾಕಿತ್ತಮ್ಮ” ಎಂದಳು ಹುಡುಗಿ.

“ಇರ್ಲವ್ವ. ಫೋಟೋ ತಗಿಯೋ ಹೊತ್ತಿಗೆ ಅವನ ಜಾಗ ಅಲ್ಲೇ.”

ಪರದೆಯ ಮೇಲೆ ಹೊಸ ಕವಾಟ ಕಾಣಿಸಿತು. ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೂರಿಸಿದ ಜಾಗ ಬಿಟ್ಟು ಕದಲಿಲ್ಲ, ಅಂಚಿನಲ್ಲಿ ಸೋರಿಕೆಯಿಲ್ಲ ಎಂದರು ಡಾಕ್ಟರು. ಗೆಳೆಯ ಬಗ್ಗಿ ನೋಡಿ, ಸಡಿಲಾದ ವಾಲ್ವಿನ ಟ್ಯಾಪೆಟ್ ಸದ್ದೂ ಇಲ್ಲ ಎಂದು ತನ್ನ ತೀರ್ಪು ಕೊಟ್ಟ.

“ನೀ ಏನ್ ನೋಡಾಕತ್ತಿ?” ಎಂದು ದೊಡ್ಡವ್ವ ನನ್ನನ್ನು ಕೇಳಿದಳು.

“ವಾಲ್ವ್. ಮೂರು ಎಲಿ. ಛಲೋ ಆಡಾಕತ್ತಾವ.”

“ನಿನ್ನ ಕಣ್ಣಿಲೇ ನೋಡಾಕತ್ತೀಯಿಲ್ಲ?”

“ಹೂಂ.”

“ಇವನೂ ಇಲ್ಲೇ ಅದಾನ, ನಾನೂ ಎಚ್ಚರ ಅದೀನಿ. ಬರದಿಟ್ಟುಗೋ. ನಾಳಿ ಕ್ಯಾಂಟೀನಿನಾಗಿದ್ದೆ ಅಂದಿ.”

ಅದಕ್ಕೇ ಇದನ್ನು ಬರೆದದ್ದು. ಮೇಜಿನಿಂದ ಇಳಿದವಳು ಸೆರಗಿನ ಗಂಟು ಬಿಚ್ಚಿ, ಲಿಂಗವನ್ನು ಕರಡಿಗೆಗೆ ಇಳಿಸಿ, ಕರಡಿಗೆಯನ್ನು ಎದೆಗೆ ಇಳಿಸಿದಳು. ಕಾರಿನ ಡಿಕ್ಕಿಯಲ್ಲಿ ಜೋಳದ ಚೀಲವಿತ್ತು. ಗಿರಣಿ ಮುಚ್ಚುವುದರೊಳಗೆ ಕೊಟ್ಟೂರು ಮುಟ್ಟಬೇಕೆಂದು ಗೆಳೆಯನನ್ನು ದಾರಿಯುದ್ದಕ್ಕೂ ಬೈದು ಓಡಿಸಿದಳು. ಈ ಸಲದ ಜೋಳಕ್ಕೆ ಒಳ್ಳೆಯ ಜಿಗಿ ಇದೆಯಂತೆ.